ಎತ್ತಿನ ಹಲ್ಲು ನೋಡುವ ಊರಿನಲ್ಲಿ

ಗದಗಿನಿಂದ ಹುಬ್ಬಳ್ಳಿ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ಬಿಂಕದಕಟ್ಟಿ ಸಿಗುತ್ತದೆ. ಹೊರಗಿನವರು ಈ ಊರನ್ನು ಪ್ರಾಣಿಸಂಗ್ರಹಾಲಯದಿಂದ ಗುರುತಿಸುತ್ತಾರೆ. ಮೂವತ್ತು ವರ್ಷ ಈ ಸುತ್ತಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ನಾನು ಇಲ್ಲೇ ಉಳಿದಿದ್ದೇನೆ. ಭಾನುವಾರ ಬೆಳಿಗ್ಗೆ ಓಣಿಯ ಮಕ್ಕಳು ನಮ್ಮ ಮನೆ ಕಟ್ಟೆಗೆ ಬಂದು ಕೂಡುತ್ತಾರೆ. ಹೊಸದಾಗಿ ನೌಕರಿಗೆ ಸೇರಿದ ಶಿಕ್ಷಕಿಯೊಬ್ಬಳು ಈಚೆಗೆ ಬಂದು ಕೇಳಿದಳು: ‘ತರಬೇತಿಯೊಳಗ ವಿಮರ್ಶಾತ್ಮಕ ಚಿಂತನೆ ಕಲಿಸ್ರಿ ಅಂತಾರ ಅಕ್ಕೋರ. ತರಗತಿಗೆ ಹೋಗಿ ನಿಂತ್ರ ಎಲ್ಲಿಂದ ಶುರು ಮಾಡಬೇಕೋ ತಿಳೀವಲ್ದು.’ ಅವಳಿಗೆ ಒಂದೇ ಕೂತಿನಲ್ಲಿ ಹೇಳಲಾಗದೆ ಉಳಿದದ್ದು ಇಲ್ಲಿದೆ.

1. ಪೂರ್ತಿ ಅಂಕ ಪಡೆದವಳೇ ಕತ್ತಲೆಯಲ್ಲಿ ಕೂತಿದ್ದೆ

1980ರ ಫೆಬ್ರವರಿ 16, ಶನಿವಾರ. ಅಂಕೋಲಾ, ಹುಬ್ಬಳ್ಳಿ ಕಡೆಯಿಂದ ರಾಯಚೂರಿನತ್ತ ಹಾದ ಪೂರ್ಣ ಸೂರ್ಯಗ್ರಹಣದ ನೆರಳಿನ ದಾರಿಯಲ್ಲಿ ನಮ್ಮ ಗದಗೂ ಇತ್ತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದೂರದರ್ಶಕ ಹೂಡಿ ಕಾಯುತ್ತಿದ್ದರು. ನಾನು ಒಂಬತ್ತನೆಯ ತರಗತಿ. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿ ಬರುವ ಚಿತ್ರ ಬರೆದು, ಭಾಗಗಳನ್ನು ಹೆಸರಿಸಿ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದಿದ್ದೆ.

ಆ ಮಧ್ಯಾಹ್ನ ನಮ್ಮ ಮನೆಯ ಬಾಗಿಲು, ಕಿಟಕಿ, ಬೆಳಕಿಂಡಿ ಎಲ್ಲ ಮುಚ್ಚಿದ್ದವು. ಚೊಚ್ಚಲ ಬಸುರಿ ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳನ್ನು ಒಳಮನೆಯ ಮೂಲೆಯಲ್ಲಿ ಅಲುಗಾಡದಂತೆ ಕೂಡಿಸಿ, ಗ್ರಹಣ ಬಿಡುವ ತನಕ ಹನಿ ನೀರೂ ಕೊಡಲಿಲ್ಲ. ಪಡಸಾಲೆಯಲ್ಲಿ ಪರಾತದ ನೀರಿನೊಳಗೆ ಅವ್ವ ಒನಕೆ ನಿಲ್ಲಿಸಿದ್ದಳು. ‘ಗ್ರಹಣ ಹಿಡದಾಗಷ್ಟ ಇದು ತಾನ ನಿಲ್ಲತೈತಿ’ ಎಂದಳು. ಒನಕೆ ನಿಂತಿತ್ತು. ನಾನು ಅದನ್ನು ನೋಡುತ್ತ ಕೈ ಮುಗಿದಿದ್ದೆ. ಹೊರಗೆ ಎರಡೂವರೆ ನಿಮಿಷ ಹಗಲಲ್ಲೇ ಕತ್ತಲಾಗಿ ಹೋಯಿತು. ಒಂದು ಊರಿಗೆ ಪೂರ್ಣ ಗ್ರಹಣ ಮರಳಿ ಬರಲು ಸರಾಸರಿ 375 ವರ್ಷ ಬೇಕು ಎಂದು ನಾನು ಓದಿದ್ದು ಬಿ.ಎಸ್ಸಿ. ಮಾಡುವಾಗ. ಅಂದು ರಾತ್ರಿ ಹಾಸ್ಟೆಲಿನಲ್ಲಿ ಅತ್ತಿದ್ದೆ.

ಚಿತ್ರ ನನ್ನ ಕೈಯಲ್ಲಿತ್ತು. ಹೆದರಿಕೆ ಅದಕ್ಕಿಂತ ಒಳಗೆಲ್ಲೋ ಇತ್ತು. ಎರಡರ ನಡುವೆ ಒಂದು ಬಾಗಿಲು ಇಡುವುದೇ ಶಿಕ್ಷಕರ ಕೆಲಸ ಎಂದು ನಾನು ತಿಳಿದದ್ದು ಅಲ್ಲಿಂದ.

2. ‘ಕಾರಣ ಕೊಡಿ’ ಎಂಬುದನ್ನೂ ಬಾಯಿಪಾಠ ಮಾಡಿಸುತ್ತೇವೆ

ನಮ್ಮ ಪ್ರಶ್ನೆಪತ್ರಿಕೆಯಲ್ಲಿ ವಿಚಾರಕ್ಕೆ ಜಾಗವಿಲ್ಲ ಎನ್ನುವುದು ಸುಳ್ಳು. ‘ಕಾರಣ ಕೊಡಿ’, ‘ಏಕೆ?’, ‘ವ್ಯತ್ಯಾಸ ತಿಳಿಸಿ’ ಎಲ್ಲ ಇವೆ. ಆದರೆ ಡಿಸೆಂಬರ್ ಬಂತೆಂದರೆ ನೀಲನಕ್ಷೆ ಮುಂದಿಟ್ಟುಕೊಂಡು ಪಾಸಿಂಗ್ ಪ್ಯಾಕೇಜ್ ಹಂಚುತ್ತೇವೆ. ಅದರಲ್ಲಿ ಪ್ರಶ್ನೆಯೂ ಇರುತ್ತದೆ, ಕಾರಣವೂ ಇರುತ್ತದೆ. ನಾನೂ ಹಂಚಿದ್ದೇನೆ. ಎಸ್ಸೆಸ್ಸೆಲ್ಸಿ ನಪಾಸಾದರೆ ಮದುವೆಯಾಗಿ ಹೋಗುವ ಹುಡುಗಿಗೆ ಪಾಸಾಗುವಷ್ಟು ಅಂಕ ಎಂದರೆ ಏನೆಂದು ಬಲ್ಲವರು ಆ ಹಾಳೆಗಳನ್ನು ಹಗುರಾಗಿ ಹಳಿಯಲಾರರು.

ಮಾಡಲು ಸಾಧ್ಯವಿದ್ದದ್ದು ಇಷ್ಟೇ: ಜೂನಿನಿಂದ ನವೆಂಬರಿನವರೆಗೆ ವಾರಕ್ಕೊಂದು ಅವಧಿಯನ್ನು ಪ್ಯಾಕೇಜಿನಿಂದ ಕಾಪಾಡಿಕೊಂಡೆ. ಆ ನಲವತ್ತು ನಿಮಿಷದಲ್ಲಿ ಉತ್ತರ ಬರೆಸುವುದಿಲ್ಲ. ಯಾವ ಮಾತು ಬಂದರೂ ಒಂದೇ ಮರುಪ್ರಶ್ನೆ: ‘ಹೆಂಗ ಗೊತ್ತಾತು?’

3. ನೋಡಿದ್ದು ಬೇರೆ, ಅಂದುಕೊಂಡದ್ದು ಬೇರೆ

ಪ್ರಾಣಿಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದರೆ ಸಾಮಾನ್ಯವಾಗಿ ಸಾಲಾಗಿ ನಡೆಸಿ, ಕೂಗಬೇಡಿ ಎಂದು ಗದರಿಸಿ, ಬುತ್ತಿ ಉಣ್ಣಿಸಿ ವಾಪಸು ತರುತ್ತೇವೆ. ನಾನು ಒಂದು ವರ್ಷ ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟು ನಡುವೆ ಗೆರೆ ಎಳೆಸಿದೆ. ಎಡಕ್ಕೆ ‘ನೋಡಿದ್ದು’, ಬಲಕ್ಕೆ ‘ಅಂದುಕೊಂಡದ್ದು’. ಒಂದೇ ಪ್ರಾಣಿಯ ಮುಂದೆ ಹದಿನೈದು ನಿಮಿಷ ನಿಲ್ಲಬೇಕು.

ಒಬ್ಬ ಹುಡುಗ ಎಡಗಡೆ ಬರೆದ: ‘ಚಿರತೆಗೆ ಸಿಟ್ಟು ಬಂದಿದೆ.’ ಪಕ್ಕದವಳು ಕೇಳಿದಳು, ‘ಸಿಟ್ಟು ಎಲ್ಲಿ ಕಾಣಸ್ತಲೇ?’ ಅವನು ಹಟದಿಂದ ‘ಅತ್ತಿಂದಿತ್ತ ಅಡ್ಡಾಡಾಕತ್ತೈತಲ್ಲ’ ಎಂದ. ‘ಅಡ್ಡಾಡೂದು ಎಡಕ್ಕ ಬರಿ, ಸಿಟ್ಟು ಬಲಕ್ಕ ಬರಿ’ ಎಂದಳು. ನಾನು ಬಾಯಿ ತೆರೆಯಬೇಕಾಗಲೇ ಇಲ್ಲ. ಆಮೇಲೆ ಸಿಟ್ಟಿನ ಬದಲು ಏನೇನು ಇರಬಹುದು ಎಂದು ಅವರೇ ಪಟ್ಟಿ ಮಾಡಿದರು: ಹಸಿವು, ಬೇಸರ, ಊಟದ ಹೊತ್ತು, ನಮ್ಮ ಗದ್ದಲ. ಹಸಿವೋ ಅಲ್ಲವೋ ತಿಳಿಯಬೇಕಾದರೆ ಊಟ ಹಾಕಿದ ಮೇಲೆ ಮತ್ತೆ ಬಂದು ನೋಡಬೇಕು ಎಂಬುದೂ ಅವರಿಗೇ ಹೊಳೆಯಿತು.

ನವಿಲಿನ ಮುಂದೆ ಇನ್ನೊಂದು ಮಾತು ಎದ್ದಿತು. ಗಂಡು ನವಿಲಿನ ಕಣ್ಣೀರು ಕುಡಿದೇ ಹೆಣ್ಣು ನವಿಲು ತತ್ತಿ ಇಡುತ್ತದೆ ಎಂದು ಅರ್ಧ ತರಗತಿ ನಂಬಿತ್ತು. ‘ಕೋಳಿ ಹೆಂಗ ತತ್ತಿ ಇಡತೈತಿ?’ ಎಂದಷ್ಟೇ ಕೇಳಿದೆ. ಕೋಳಿ ಸಾಕಿದ ಮನೆಯ ಮಕ್ಕಳು ಮುಸಿಮುಸಿ ನಕ್ಕರು. ಅಲ್ಲಿಗೆ ಮುಗಿಯಿತು.

4. ಊರಿಗೆ ಅನುಮಾನಿಸುವುದು ಗೊತ್ತಿದೆ

ಬಹಳ ವರ್ಷ ನಾನು ಮಾಡಿದ ತಪ್ಪೆಂದರೆ, ವಿಚಾರ ಮಾಡುವುದನ್ನು ಪಟ್ಟಣದಿಂದ ಹೊತ್ತು ತಂದು ಹಳ್ಳಿಗೆ ಕೊಡುತ್ತಿದ್ದೇನೆ ಎಂದು ನಂಬಿದ್ದು. ನನ್ನ ಕಣ್ಣು ತೆರೆಸಿದ್ದು ಒಂದು ಜೋಡಿ ಎತ್ತು.

ಸೋಮವಾರ ತಪ್ಪಿಸಿಕೊಂಡಿದ್ದ ಹುಡುಗನನ್ನು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ, ‘ಅಜ್ಜನ ಕೂಡ ದನದ ಸಂತಿಗೆ’ ಎಂದ. ಎತ್ತು ಹೇಗೆ ಕೊಳ್ಳುತ್ತಾರೆ ಹೇಳು ಎಂದೆ. ಎಂದೂ ಬಾಯಿಬಿಡದವನು ಹತ್ತು ನಿಮಿಷ ಮಾತಾಡಿದ. ಅಜ್ಜ ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು, ಹೀಗೆ ವಯಸ್ಸಿನ ಲೆಕ್ಕ. ಸವೆದಿದ್ದರೆ ಮುದಿಯಾಗಿದೆ. ಆಮೇಲೆ ನಡೆಸಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ಹೆಗಲಿನ ಮೇಲೆ ಹಳೆಯ ಹುಣ್ಣಿದೆಯೇ ಎಂದು ಕೈಯಾಡಿಸುತ್ತಾನೆ. ಎತ್ತಿನ ಊರಿನವರು ಸಂತೆಯಲ್ಲಿ ಇದ್ದರೆ ಅವರನ್ನು ಬೇರೆಯಾಗಿ ಕರೆದು ವಿಚಾರಿಸುತ್ತಾನೆ. ಕೊನೆಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ.

‘ಮಾರಾವ ನಾಕ ಹಲ್ಲ ಅಂದ್ರ ಸಾಕಾಗಂಗಿಲ್ಲೇನು?’ ಎಂದೆ.

ಇಡೀ ತರಗತಿ ನಕ್ಕಿತು. ‘ಮಾರಾವ ಹಂಗ ಹೇಳಾವನ ರೀ!’

ಸಾಕ್ಷಿ, ಮರುಪರೀಕ್ಷೆ, ಸ್ವತಂತ್ರ ಮೂಲ, ಹೇಳುವವನ ಹಿತಾಸಕ್ತಿ. ತರಬೇತಿ ಕೈಪಿಡಿಯಲ್ಲಿ ಇದ್ದದ್ದೆಲ್ಲ ಆ ಅಜ್ಜನ ಕೈಯಲ್ಲಿತ್ತು. ಅಂದಿನಿಂದ ‘ಮಾರಾವ ಹಂಗ ಹೇಳಾವನ’ ಎಂಬುದು ನಮ್ಮ ತರಗತಿಯ ಮಾತಾಯಿತು. ಮೈಬಣ್ಣ ಬಿಳುಪು ಮಾಡುವ ಕ್ರೀಮಿನ ಜಾಹೀರಾತಿಗೂ, ಎಕರೆಗೆ ಇಷ್ಟು ಕ್ವಿಂಟಲ್ ಎಂದು ಬೀಜದ ಚೀಲದ ಮೇಲೆ ಬರೆದದ್ದಕ್ಕೂ ಮಕ್ಕಳು ಅದನ್ನೇ ಹೇಳತೊಡಗಿದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ಇನ್ನೊಬ್ಬ ಎದ್ದು, ‘ನಮ್ಮಜ್ಜ ಸುಳೀನೂ ನೋಡ್ತಾನ್ರಿ’ ಎಂದ. ಮೈಮೇಲಿನ ಕೂದಲ ಸುಳಿ ಎಲ್ಲಿ ಬಿದ್ದಿದೆ ಎಂಬುದರ ಮೇಲೆ ಎತ್ತು ಮನೆಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ನಂಬಿಕೆ. ಹಲ್ಲು ನೋಡುವ ಕಣ್ಣೇ ಸುಳಿಯನ್ನೂ ನೋಡುತ್ತದೆ. ಹಲ್ಲಿನಿಂದ ವಯಸ್ಸು ತಿಳಿಯುತ್ತದೆಂದು ಹೇಗೆ ಗೊತ್ತು? ಮನೆಯಲ್ಲೇ ಹುಟ್ಟಿದ ಕರು ಇದೆ, ಅದರ ವಯಸ್ಸು ಗೊತ್ತು, ಹಲ್ಲು ಎಣಿಸಿ ನೋಡಬಹುದು. ಸುಳಿಯ ಮಾತು ನಿಜವೆಂದು ಹೇಗೆ ತಿಳಿಯುವುದು? ತರಗತಿ ಸುಮ್ಮನಾಯಿತು. ಆಗ ಒಂದು ಹುಡುಗಿ ಮೆಲ್ಲಗೆ ಹೇಳಿದಳು: ‘ಕೆಟ್ಟ ಸುಳಿ ಎತ್ತು ಅಗ್ಗಕ್ಕ ಸಿಗತಾವ್ರಿ. ನಮ್ಮಪ್ಪ ರೊಕ್ಕ ಇಲ್ಲಂತ ಅಂಥಾದ್ದ ತಂದಾನ. ಮೂರು ವರ್ಷಾತು, ಚಲೋ ದುಡೀತೈತಿ.’

ಒಂದು ಎತ್ತಿನಿಂದ ಏನೂ ಸಿದ್ಧವಾಗುವುದಿಲ್ಲ ಎಂದು ನಾನು ಹೇಳಬೇಕಿತ್ತು. ಹೇಳಿದೆ ಕೂಡ. ಆದರೆ ಬಡತನಕ್ಕೆ ತಂದ ಎತ್ತಿನ ಬಗ್ಗೆ ಆ ಮಗು ತಲೆಯೆತ್ತಿ ಮಾತಾಡಿದ್ದು ನನಗೆ ಹೆಚ್ಚಾಗಿ ಕಂಡಿತು.

5. ಮಗುವನ್ನು ಅವ್ವನ ವಿರುದ್ಧ ನಿಲ್ಲಿಸಬಾರದು

ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ನೌಕರಿಯ ಮೊದಲ ವರ್ಷಗಳು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಾಮಣಿಯಾಗಿ ತಿಂಗಳು ಶಾಲೆ ಬಿಟ್ಟು ಬಂದಳು. ಮುಂಗೈ ಮೇಲೆ ಬರೆ ಹಾಕಿದ ಗಾಯ ಹಸಿಯಾಗಿತ್ತು. ನನಗೆ ಸಿಟ್ಟು ಬಂತು. ಐವತ್ತು ಮಕ್ಕಳ ಮುಂದೆ, ‘ನಿಮ್ಮವ್ವಗ ಅಷ್ಟೂ ಬುದ್ಧಿ ಇಲ್ಲೇನು?’ ಎಂದುಬಿಟ್ಟೆ. ಅವಳು ಆ ವರ್ಷವಿಡೀ ನನ್ನ ತರಗತಿಯಲ್ಲಿ ಕೈ ಎತ್ತಲಿಲ್ಲ. ಮುಂದಿನ ವರ್ಷ ಶಾಲೆಗೇ ಬರಲಿಲ್ಲ.

ಅವಳ ಅವ್ವನಿಗೆ ಬುದ್ಧಿ ಇತ್ತು. ಬರೆ ಹಾಕಿಸಿದ ಹತ್ತು ಮಕ್ಕಳು ಗುಣವಾದದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಬರೆ ಹಾಕಿಸದೆ ಗುಣವಾದವರ ಲೆಕ್ಕ ಆಕೆಯ ಹತ್ತಿರ ಇರಲಿಲ್ಲ. ಕಲುಷಿತ ನೀರಿನಿಂದ ಬರುವ ಕಾಮಣಿ ಬಹಳಷ್ಟು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಇಳಿಯದ ಕೆಲವರಿಗೆ ಮಾತ್ರ ಬರೆಯ ಹಿಂದೆ ಕಳೆದ ದಿನಗಳು ಪ್ರಾಣಕ್ಕೆ ಬರುತ್ತವೆ. ಇದನ್ನು ನಾನು ಆಮೇಲೆ ನಾಲ್ಕು ಮನೆಯ ಕೋಷ್ಟಕದಲ್ಲಿ ಕಲಿಸತೊಡಗಿದೆ: ಔಷಧಿ ಮಾಡಿ ಗುಣವಾದವರು, ಮಾಡಿಯೂ ಆಗದವರು, ಮಾಡದೆ ಗುಣವಾದವರು, ಮಾಡದೆ ಆಗದವರು. ನಾಲ್ಕೂ ಮನೆ ತುಂಬದೆ ಮಾತಾಡುವ ಹಾಗಿಲ್ಲ. ಯಾರ ಅವ್ವನ ಹೆಸರೂ ಅಲ್ಲಿ ಬರುವುದಿಲ್ಲ.

ಆ ಹುಡುಗಿಗೆ ಆ ಕೋಷ್ಟಕ ಸಿಗಲಿಲ್ಲ. ನನ್ನಿಂದ ಅವಳಿಗೆ ಸಿಕ್ಕಿದ್ದು ಆ ಒಂದು ಮಾತು.

6. ಗಾಳಿ ಫ್ಯಾನಿನ ಪ್ರಶ್ನೆಗೆ ಎರಡು ವರ್ಷ ಹಿಡಿಯಿತು

ಕಪ್ಪತ್ತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಬಂದ ಮೇಲೆ ಮುಂಡರಗಿ, ಶಿರಹಟ್ಟಿ, ಗದಗ ಸೀಮೆಯ ಹೊಲಗಳಲ್ಲಿ ಒಂದು ಮಾತು ಹಬ್ಬಿತು: ಫ್ಯಾನು ಮೋಡ ಓಡಿಸುತ್ತದೆ, ಅದಕ್ಕೇ ಮಳೆ ಇಲ್ಲ. ಮಹಾರಾಷ್ಟ್ರದಲ್ಲೂ ಗಾಳಿಯಂತ್ರ ಬಂದ ಕಡೆ ರೈತರು ಇದನ್ನೇ ಹೇಳಿದ್ದಾರೆ. ನನ್ನ ತರಗತಿಯಲ್ಲಿ ಇದು ಬಂದಾಗ, ಇದು ಮೂಢನಂಬಿಕೆ ಎಂದು ಒಂದೇ ವಾಕ್ಯದಲ್ಲಿ ಮುಗಿಸಬಹುದಿತ್ತು. ಕಾಮಣಿಯ ಹುಡುಗಿ ನೆನಪಾದಳು. ಸರಿ, ನೋಡೋಣ ಎಂದೆ.

ಮೊದಲು, ಈ ಮಾತು ಹುಟ್ಟಿದ್ದು ಹೇಗೆ? 2001ರಿಂದ 2004ರ ತನಕ ರಾಜ್ಯದಲ್ಲಿ ಬರದ ಮೇಲೆ ಬರ. ಗುಡ್ಡದ ಮೇಲೆ ಕಂಬಗಳು ಕಾಣತೊಡಗಿದ್ದೂ ಹೆಚ್ಚುಕಡಿಮೆ ಅದೇ ಕಾಲ. ಎರಡನ್ನೂ ಒಟ್ಟಿಗೆ ಕಂಡವನು ಒಂದಕ್ಕೊಂದು ಗಂಟು ಹಾಕಿದರೆ ಅದು ದಡ್ಡತನವಲ್ಲ. ಮನುಷ್ಯನ ಬುದ್ಧಿ ನಡೆಯುವುದೇ ಹಾಗೆ.

ಎರಡನೆಯದು, ಎಣಿಕೆ. ಮಕ್ಕಳು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮಳೆಯ ಲೆಕ್ಕ ಬರೆದುಕೊಂಡು ಬಂದರು. ನಮ್ಮದು ಪಶ್ಚಿಮ ಘಟ್ಟದ ಮಳೆನೆರಳಿನ ಸೀಮೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದರಲ್ಲೂ ಒಂದು ವರ್ಷದಂತೆ ಇನ್ನೊಂದಿಲ್ಲ. ನೀರಿನ ಬಾಟಲಿ ಕೊರೆದು ಶಾಲೆಯ ಅಂಗಳದಲ್ಲಿ ನಾವೇ ಮಳೆಮಾಪಕ ಇಟ್ಟೆವು. ಮೃಗಶಿರ, ಆರಿದ್ರ, ಹುಬ್ಬಿ, ಉತ್ತರಿ ಎಂದು ಮಳೆಯ ಹೆಸರಿನ ಪಕ್ಕದಲ್ಲೇ ಮಿಲಿಮೀಟರ್ ಬರೆದರು. ಹೆಸರುಕಾಳು ಬಿತ್ತುವ ಮನೆಯವರು ಸಂಜೆ ಮಕ್ಕಳನ್ನು ‘ಇವತ್ತೆಷ್ಟು?’ ಎಂದು ಕೇಳತೊಡಗಿದರು.

ಮೂರನೆಯದು, ಅಜ್ಜಂದಿರ ಹತ್ತಿರ ಹೋಗಿ ಕೇಳುವುದು. ಫ್ಯಾನಿನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟಿದ್ದ ಅಜ್ಜನೊಬ್ಬ ತನ್ನ ಜೀವಮಾನದಲ್ಲಿ ಕಂಡ ದೊಡ್ಡ ಬರ ಯಾವುದೆಂದರೆ, 1972ರದ್ದು ಎಂದು ಗಂಟೆಗಟ್ಟಲೆ ಹೇಳಿದನಂತೆ. ಮೊಮ್ಮಗ ಕೇಳಿದ್ದಾನೆ: ‘ಆವಾಗ ಫ್ಯಾನ ಇದ್ದಿಲ್ಲಲ್ಲಜ್ಜ?’ ಅಜ್ಜ ಬಹಳ ಹೊತ್ತು ಸುಮ್ಮನಿದ್ದು, ‘ಇದ್ದಿಲ್ಲ’ ಎಂದನಂತೆ. ಇನ್ನೊಬ್ಬಳು ಎದುರು ಪಟ್ಟು ಹಾಕಿದಳು: 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಉತ್ತರ ಕರ್ನಾಟಕವೇ ನೀರಾಗಿತ್ತು, ರೋಣ, ನರಗುಂದದ ಕಡೆ ಊರಿಗೆ ಊರು ಮುಳುಗಿದ್ದವು. ‘ಫ್ಯಾನ ತಿರಗಾಕತ್ತಿದ್ವಲ್ರಿ ಅವಾಗ?’

ಕಂಬದ ಎತ್ತರ ಎಂಬತ್ತು ನೂರು ಮೀಟರ್, ಮಳೆಮೋಡ ಅದಕ್ಕಿಂತ ಎಷ್ಟೋ ಮೇಲೆ ಎಂದು ನಾನು ಹೇಳಿದಾಗ, ಶಿರಹಟ್ಟಿ ಕಡೆಯಿಂದ ಬರುತ್ತಿದ್ದ ಹುಡುಗ ಒಪ್ಪಲಿಲ್ಲ. ಮಳೆಗಾಲದ ಮುಂಜಾನೆ ಗುಡ್ಡದ ನೆತ್ತಿಗೆ ಮಂಜು ಮುಟ್ಟುವುದನ್ನು ಅವನು ಕಂಡಿದ್ದ. ಅವನ ಮಾತು ಸರಿಯಾಗಿತ್ತು. ನಾನು ನನ್ನ ವಾಕ್ಯವನ್ನು ತಿದ್ದಿಕೊಂಡೆ. ಅಮೆರಿಕದ ಟೆಕ್ಸಾಸಿನ ಗಾಳಿಯಂತ್ರಗಳ ಬಯಲಿನಲ್ಲಿ ರಾತ್ರಿ ನೆಲದ ಬಿಸಿ ಕೊಂಚ ಏರಿದ್ದನ್ನು ಉಪಗ್ರಹಗಳ ಮಾಹಿತಿಯಿಂದ ಕಂಡುಕೊಂಡ 2012ರ ಅಧ್ಯಯನವನ್ನೂ ಅವರ ಮುಂದಿಟ್ಟೆ. ಯಂತ್ರ ತನ್ನ ಸುತ್ತಲ ಗಾಳಿಯನ್ನು ಕಲಕುವುದು ನಿಜ. ಸೀಮೆಯ ಮಳೆಯನ್ನೇ ಓಡಿಸುತ್ತದೆ ಎಂಬುದಕ್ಕೆ ನಮ್ಮ ವಹಿಯಲ್ಲಿ ಸಾಕ್ಷಿ ಸಿಗಲಿಲ್ಲ. ಮಕ್ಕಳು ಬರೆದ ಕೊನೆಯ ಸಾಲು ‘ಫ್ಯಾನಿಗೆ ಸಂಬಂಧವಿಲ್ಲ’ ಎಂದಿರಲಿಲ್ಲ. ‘ನಮಗೆ ಸಿಕ್ಕ ಲೆಕ್ಕದಲ್ಲಿ ಸಂಬಂಧ ಕಾಣಲಿಲ್ಲ’ ಎಂದಿತ್ತು. ಆ ಎರಡು ಸಾಲುಗಳ ಅಂತರ ಹದಿನಾಲ್ಕರ ಮಕ್ಕಳಿಗೆ ತಿಳಿದಿತ್ತು. ನನ್ನ ನೌಕರಿಯ ಅತಿ ದೊಡ್ಡ ಸಂತೋಷ ಅದು.

7. ಗೊತ್ತಿಲ್ಲ ಎಂದು ಶಿಕ್ಷಕಿ ಹೇಳಬೇಕು

ನನ್ನ ವಾಕ್ಯವನ್ನು ತಿದ್ದಿಕೊಂಡ ಆ ಮಾತಿಗೆ ಇದು ಅಂಟಿಕೊಂಡೇ ಬರುತ್ತದೆ. ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದರು. ಅದೇ ವರ್ಷದ 42ನೇ ತಿದ್ದುಪಡಿ ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು ಸಂವಿಧಾನದಲ್ಲಿ ಬರೆಯಿತು. ನರಸಿಂಹಯ್ಯನವರ ‘ತೆರೆದ ಮನ’ ಓದಿ ನಾನು ಬೆಳೆದೆ. ಆದರೆ ಎಷ್ಟೋ ವರ್ಷ ನನಗೆ ಹಿಡಿಸಿದ್ದು ಬೇರೆಯವರ ಪವಾಡವನ್ನು ಪ್ರಶ್ನಿಸುವ ಧೈರ್ಯ. ನನ್ನ ಮಾತನ್ನೇ ಮಕ್ಕಳು ಪ್ರಶ್ನಿಸಿದಾಗ ಮುಖ ಬಿಗಿಯುತ್ತಿತ್ತು. ಕಪ್ಪುಹಲಗೆಯ ಮುಂದೆ ನಿಂತವಳ ಮಾತು ಕೂಡ ಒಂದು ಹೇಳಿಕೆ, ಅದಕ್ಕೂ ಸಾಕ್ಷಿ ಬೇಕು. ಸಾಕ್ಷಿ ಇಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನಬೇಕು.

8. ಇತಿಹಾಸದ ಮೇಷ್ಟ್ರಿಗೂ ಇದೇ ಕೆಲಸ

ಸಾಕ್ಷಿ ಕೇಳುವುದು ವಿಜ್ಞಾನವೊಂದರ ಸೊತ್ತಲ್ಲ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂಬುದು ಊರ ಮಾತು. ಅಲ್ಲಿಯ ಬ್ರಹ್ಮಜಿನಾಲಯವನ್ನು ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದಳು ಎಂಬುದಕ್ಕೆ ಶಾಸನವಿದೆ. ಗದುಗಿನ ವೀರನಾರಾಯಣ ಗುಡಿಯ ಕಂಬದ ಬಳಿ ಕೂತು ಕುಮಾರವ್ಯಾಸ ಭಾರತ ಬರೆದ ಎಂಬುದು ನಾವು ಅಕ್ಕರೆಯಿಂದ ಕಾಪಾಡಿಕೊಂಡ ಹೇಳಿಕೆ. ಅವನ ಕಾವ್ಯಕ್ಕೆ ಗದುಗಿನ ವೀರನಾರಾಯಣನೇ ಅಂಕಿತ ಎಂಬುದಕ್ಕೆ ಕಾವ್ಯವೇ ಸಾಕ್ಷಿ. ಒಂದೊಂದರ ತೂಕ ಒಂದೊಂದು ಎಂದು ಮಗುವಿಗೆ ತಿಳಿದರೆ ಕಂಬದ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ. ನನ್ನ ಮಕ್ಕಳು ಆ ಕಂಬವನ್ನು ಮುಟ್ಟಿ ನಮಸ್ಕರಿಸಿಯೇ ಹೊರಬಂದರು.

9. ಅನುಮಾನ ಯಾರ ಮೇಲೆ?

2018ರಲ್ಲಿ ಮಕ್ಕಳ ಕಳ್ಳರ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವ ಒಂದು ವಿಡಿಯೋ ನಮ್ಮ ಓಣಿಗೂ ಬಂದಿತ್ತು. ಅದು ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಬಗ್ಗೆ ಅರಿವು ಮೂಡಿಸಲು ಮಾಡಿದ ಚಿತ್ರ. ಕೊನೆಯ ಸಂದೇಶವನ್ನು ಕತ್ತರಿಸಿ ಯಾರೋ ಹರಿಬಿಟ್ಟಿದ್ದರು. ಆ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಅವನ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು, ಅಷ್ಟೇ.

ಅದಾದ ಮೇಲಿನ ಸೋಮವಾರ ನಾನು ಪಾಠ ಮಾಡಲಿಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡುವ ಜನ, ಒಂದು ಜೀವ ತೆಗೆಯುವಾಗ ಯಾಕೆ ನೋಡಲಿಲ್ಲ ಎಂದು ಮಕ್ಕಳನ್ನು ಕೇಳಿದೆ. ಬಹಳ ಹೊತ್ತಿನ ಮೇಲೆ ಒಬ್ಬ ಹೇಳಿದ: ‘ಸಂತ್ಯಾಗ ಮಾತಿನ ಮ್ಯಾಲ ಸಂಶೇ ಇರತೈತ್ರಿ. ಅಲ್ಲಿ ಮನಿಷ್ಯಾನ ಮ್ಯಾಲ ಸಂಶೇ ಬಂತು, ಮಾತಿನ ಮ್ಯಾಲ ಬರಲಿಲ್ಲ.’ ಇದಕ್ಕಿಂತ ಸರಿಯಾಗಿ ಹೇಳಲು ನನಗೆ ಬರುವುದಿಲ್ಲ.

10. ಒನಕೆ

2019ರ ಡಿಸೆಂಬರ್ 26ರ ಬೆಳಿಗ್ಗೆ ಗ್ರಹಣ. ನಮ್ಮಲ್ಲಿ ಪಾರ್ಶ್ವ. ಅಂದು ಅಂಗವಿಕಲತೆ ಹೋಗುತ್ತದೆಂದು ಕಲಬುರಗಿಯ ಬಳಿ ಮಕ್ಕಳನ್ನು ಕುತ್ತಿಗೆಯ ತನಕ ಮಣ್ಣಿನಲ್ಲಿ ಹೂತಿಟ್ಟರು. ನಾವು ಅಂಗಳದಲ್ಲಿ ರಂಧ್ರ ಕೊರೆದ ರಟ್ಟು ಹಿಡಿದು ಬಿಳಿ ಹಾಳೆಯ ಮೇಲೆ ಕಚ್ಚಿದ ಸೂರ್ಯನನ್ನು ಬೀಳಿಸಿದೆವು, ಒಗ್ಗರಣೆ ಚುರುಮುರಿ ಹಂಚಿ ತಿಂದೆವು. ಬಂದಿದ್ದವರು ಅರ್ಧ ಮಕ್ಕಳು. ಬರದವರ ಮನೆಗಳಲ್ಲಿ ಪರಾತದಲ್ಲಿ ಒನಕೆ ನಿಂತಿತ್ತು.

ಒಂದು ವಾರ ಬಿಟ್ಟು ಎಲ್ಲರಿಗೂ ಹೇಳಿದೆ: ಇವತ್ತು ಸಂಜೆ ಮನೆಯಲ್ಲಿ ಒನಕೆ ನಿಲ್ಲಿಸಿ ನೋಡಿರಿ, ಗ್ರಹಣವಿಲ್ಲದ ದಿನ. ಮರುದಿನ ಕೈಗಳು ಮೇಲೆದ್ದವು. ಬುಡ ಸಪಾಟಿದ್ದವು ನಿಂತಿದ್ದವು, ಬುಡ ಸವೆದು ಉರುಟಾದವು ನಿಂತಿರಲಿಲ್ಲ. ಒಬ್ಬಳು ಪರಾತದ ನೀರು ಚೆಲ್ಲಿ, ಬರೀ ನೆಲದ ಮೇಲೂ ನಿಲ್ಲಿಸಿ ನೋಡಿದ್ದಳು.

ನಮ್ಮಕ್ಕ ಈಗ ನನ್ನ ಜೊತೆಗೇ ಇದ್ದಾಳೆ. ಅಂದು ಹೊಟ್ಟೆಯಲ್ಲಿದ್ದ ಮಗ ಹುಬ್ಬಳ್ಳಿಯಲ್ಲಿದ್ದಾನೆ. ಗ್ರಹಣದ ದಿನ ಹಾಗೆ ಜೋಪಾನ ಮಾಡಿದ್ದಕ್ಕೇ ಅವನು ಕೈಕಾಲು ನೆಟ್ಟಗಿದ್ದು ಹುಟ್ಟಿದ ಎಂದು ಅವ್ವ ಸಾಯುವ ತನಕ ಹೇಳುತ್ತಿದ್ದಳು. ನಾನು ಎದುರು ಹೇಳಲಿಲ್ಲ. ಮೊನ್ನೆ ಭಾನುವಾರ ಕಟ್ಟೆಯ ಮೇಲಿನ ಮಕ್ಕಳು ಹಟ ಹಿಡಿದು ಅಕ್ಕನ ಕೈಯಿಂದಲೇ ಒನಕೆ ನಿಲ್ಲಿಸಿದರು. ಎರಡು ಸಲ ವಾಲಿತು, ಮೂರನೆಯ ಸಲ ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅಕ್ಕ ಒನಕೆಯನ್ನು ನೋಡುತ್ತ ಕೂತೇ ಇದ್ದಳು.

‘ಅವತ್ತ ನನಗ ಭಾಳ ನೀರಡಿಸಿತ್ತು’ ಎಂದಳು.